ಹಕ್ಕಿಗಳ ಮೇಳವನ್ನು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ತುಮಕೂರಿನಲ್ಲಿ ಹವ್ಯಾಸಿ ತಂಡವೊಂದು ಆಡಿದ ‘ಹಕ್ಕಿಗಳು’ ಎಂಬ ಗ್ರೀಕ್ ಹಾಸ್ಯನಾಟಕ ಅವರಿಗೆ ಹಿಡಿಸಿಲ್ಲ. ಅದು ಅವರವರ ಅಭಿರುಚಿ, ನನ್ನ ತಕರಾರಿಲ್ಲ. ಆದರೆ ಕೊನೆಯಲ್ಲಿ ಅವರು ಒಂದು ತೀರ್ಮಾನ ಕೊಟ್ಟಿದ್ದಾರೆ. ಗ್ರೀಕರ ರುದ್ರನಾಟಕ, ಅಂದರೆ ಟ್ರ್ಯಾಜಿಡಿ, ನಮಗೆ ಒಗ್ಗುತ್ತದಂತೆ, ಅವರ ಹಾಸ್ಯ ಮಾತ್ರ ನಮ್ಮ ಜನಕ್ಕೆ ಹತ್ತುವುದಿಲ್ಲವಂತೆ. ಆ ಪ್ರದರ್ಶನ ನಾನೂ ನೋಡಿದೆ. ಅವತ್ತು ಜನ ಯಾಕೆ ನಗಲಿಲ್ಲ ಅಂತ ನನಗೆ ಗೊತ್ತು. ನಾಟಕದಿಂದ ಮೇಳವನ್ನೇ, ಅಂದರೆ ಒಟ್ಟಾಗಿ ಹಾಡಿ ಕುಣಿಯುವ ಗುಂಪನ್ನೇ, ತೆಗೆದು ಹಾಕಿದ್ದರು. ಅದನ್ನು ಹೇಳದೆ ಇದ್ದರೆ ನಾಟಕ ಬರೆದ ಕವಿ, ಪಾಪ, ಅರಿಸ್ಟೊಫೇನಿಸನ ತಲೆ ಮೇಲೆ ಈ ಅಪವಾದ ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಈ ಪತ್ರ.

ನಾನು ಗುಬ್ಬಿ ತಾಲ್ಲೂಕಿನವಳು. ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದೆ. ಅಪ್ಪ ಹಾರ್ಮೋನಿಯಂ ಮೇಷ್ಟ್ರು. ಸುತ್ತಲ ಹಳ್ಳಿಗಳಲ್ಲಿ ಕುರುಕ್ಷೇತ್ರ, ಶನಿಪ್ರಭಾವ ಕಲಿಸುತ್ತಿದ್ದರು. ಹಗಲು ತರಗತಿಯಲ್ಲಿ ಅಥೆನ್ಸಿನ ಪ್ರಜಾಪ್ರಭುತ್ವ, ಸಂಜೆ ದೇವಸ್ಥಾನದ ಅಂಗಳದಲ್ಲಿ ಅಪ್ಪನ ತಾಲೀಮು. ಎರಡನ್ನೂ ಜೊತೆಯಲ್ಲಿಟ್ಟು ನೋಡುವುದು ನನಗೆ ಅಭ್ಯಾಸವಾಗಿಹೋಗಿದೆ.

ಮೊದಲು ಆ ರಾತ್ರಿ ನಡೆದದ್ದು ಹೇಳುತ್ತೇನೆ. ತಂಡದ ಹೆಸರು ಬೇಡ, ಹುಡುಗರು ಕಷ್ಟಪಟ್ಟಿದ್ದರು. ಮುಚ್ಚಿದ ಸಭಾಂಗಣ. ದೀಪ ಆರಿಸಿದರು. ಸ್ಪೀಕರಿನಿಂದ ಹಕ್ಕಿಗಳ ಚಿಲಿಪಿಲಿ ಟ್ರ್ಯಾಕ್ ಬಂತು. ಕಪ್ಪು ಬಟ್ಟೆಯ ಮೂರು ಹುಡುಗರು ಮೂಗಿಗೆ ರಟ್ಟಿನ ಕೊಕ್ಕು ಕಟ್ಟಿಕೊಂಡು ಒಂದು ಸುತ್ತು ಬಂದು ಒಳಗೆ ಹೋದರು. ಹಕ್ಕಿಗಳ ಮೇಳ ಅಂದರೆ ಅಷ್ಟೇ. ಮುಗಿದ ಮೇಲೆ ನಿರ್ದೇಶಕರನ್ನು ಕೇಳಿದೆ. ‘ಕೋರಸ್ ಇಟ್ರೆ ಜನ ಎದ್ದು ಹೋಗ್ತಾರೆ ಮೇಡಂ’ ಅಂದರು.

ಹಕ್ಕಿಗಳ ಹೆಸರೇ ಇಟ್ಟುಕೊಂಡ ನಾಟಕ ಅದು. ಅದರಲ್ಲಿ ಹಕ್ಕಿಗಳೇ ಬೇಡ ಅಂದರೆ ಉಳಿಯುವುದೇನು?

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಕ್ರಿ.ಪೂ. 414ರ ವಸಂತದಲ್ಲಿ, ಅಥೆನ್ಸಿನ ಡಯೊನೈಸಸ್ ದೇವರ ದೊಡ್ಡ ಹಬ್ಬದಲ್ಲಿ ಆಡಿದ ನಾಟಕ ಇದು. ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಇಬ್ಬರು ಮುದುಕರು. ಊರಿನ ಕೋರ್ಟು ಕಚೇರಿ ವ್ಯಾಜ್ಯದಿಂದ ಬೇಸತ್ತಿದ್ದಾರೆ. ನೆಮ್ಮದಿಯ ಜಾಗ ಹುಡುಕಿಕೊಂಡು ಚಂದ್ರಮುಕುಟ ಹಕ್ಕಿಯ ಹತ್ತಿರ ಹೋಗುತ್ತಾರೆ. ಆ ಹಕ್ಕಿ ಹಿಂದೆ ರಾಜನಾಗಿದ್ದವನು. ಮುದುಕರಲ್ಲಿ ಒಬ್ಬ, ಪೈಸೆಟೇರಸ್, ಮಹಾ ಚಾಲಾಕಿ. ಆಕಾಶದ ನಡುವೆ ನಿಮ್ಮದೇ ಒಂದು ಊರು ಕಟ್ಟಿ ಅಂತ ಹಕ್ಕಿಗಳಿಗೆ ಉಪಾಯ ಹೇಳಿಕೊಡುತ್ತಾನೆ. ಭೂಮಿಯಿಂದ ಮೇಲಕ್ಕೆ ಹೋಗುವ ಬಲಿಯ ಹೊಗೆಯನ್ನು ಆ ಊರು ತಡೆಯುತ್ತದೆ. ದೇವರುಗಳು ಹಸಿವಿನಿಂದ ಒದ್ದಾಡಿ ಸಂಧಾನಕ್ಕೆ ಬರುತ್ತಾರೆ. ಮನುಷ್ಯರ ಪರವಾದ ಪ್ರೊಮಿಥಿಯಸ್ ಅಂತೂ ದೇವರುಗಳ ರಾಜ ಸ್ಯೂಸ್‌ನ ಕಣ್ಣು ತಪ್ಪಿಸಲು ಕೊಡೆ ಹಿಡಿದುಕೊಂಡು ಬರುತ್ತಾನೆ.

ಇದರಲ್ಲಿ ಮೇಳ ಬರುವ ಹೊತ್ತು ನೋಡಿ. ಚಂದ್ರಮುಕುಟ ಹಾಡಿ ಕರೆಯುತ್ತದೆ. ‘ಎಪೊಪೊಯ್ ಪೊಪೊಯ್ ಪೊಪೊಯ್’ ಅಂತ ಶುರುವಾಗಿ, ನಡುವೆ ‘ಟಿಯೊ ಟಿಯೊ ಟಿಯೊ’ ಅಂತ ಉಲಿಯುತ್ತಾ ಹೋಗುವ ಹಾಡು ಅದು. ಗದ್ದೆಯ ಹಕ್ಕಿ, ಬೆಟ್ಟದ ಹಕ್ಕಿ, ಜೌಗಿನ ಹಕ್ಕಿ, ಕಡಲಿನ ಹಕ್ಕಿ ಎಲ್ಲವನ್ನೂ ಕರೆಯುತ್ತದೆ. ಆಮೇಲೆ ಒಂದೊಂದೇ ಬರುತ್ತವೆ. ಕೌಜುಗ, ಮಿಂಚುಳ್ಳಿ, ಗೂಬೆ, ಬೆಳವ, ಗಿಡುಗ, ಕೋಗಿಲೆ, ಮರಕುಟಿಕ. ಒಟ್ಟು ಇಪ್ಪತ್ನಾಲ್ಕು. ಗ್ರೀಕ್ ಹಾಸ್ಯದ ಮೇಳದಲ್ಲಿ ಇಪ್ಪತ್ನಾಲ್ಕು ಜನ ಇರಲೇಬೇಕಿತ್ತು. ರುದ್ರನಾಟಕದ ಮೇಳ ಹದಿನೈದಕ್ಕೆ ನಿಲ್ಲುತ್ತಿತ್ತು. ಸಾಮಾನ್ಯವಾಗಿ ಮೇಳದವರಿಗೆಲ್ಲ ಒಂದೇ ತರಹದ ವೇಷ. ಇಲ್ಲಿ ಪ್ರತಿ ಹಕ್ಕಿಗೂ ಹೆಸರುಂಟು. ಅವೆಲ್ಲ ಸೇರಿ ಇಬ್ಬರು ಮುದುಕರ ಮೇಲೆ ಕೊಕ್ಕು ಚಾಚಿ ದಾಳಿಗೆ ನಿಲ್ಲುತ್ತವೆ. ಮುದುಕರು ಅಡುಗೆಯ ಪಾತ್ರೆಯನ್ನೇ ಗುರಾಣಿ ಮಾಡಿಕೊಳ್ಳುತ್ತಾರೆ. ಮೂರು ಹುಡುಗರು ದಾಳಿ ಮಾಡಿದರೆ ಯಾರಿಗೆ ಭಯ, ಯಾರಿಗೆ ನಗು?

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ನಾಟಕದ ನಡುವೆ ಪಾತ್ರಧಾರಿಗಳು ಒಳಗೆ ಹೋಗುತ್ತಾರೆ. ಮೇಳ ಮುಂದಕ್ಕೆ ಬಂದು ಕೂತ ಜನರ ಕಡೆಗೇ ತಿರುಗಿ ನಿಲ್ಲುತ್ತದೆ. ನೇರವಾಗಿ ಅವರ ಜೊತೆ ಮಾತಾಡುತ್ತದೆ. ‘ಹಕ್ಕಿಗಳು’ ನಾಟಕದಲ್ಲಿ ಈ ಭಾಗ ನನಗೆ ಬಾಯಿಪಾಠವಾಗುವಷ್ಟು ಇಷ್ಟ. ರೆಕ್ಕೆ ಇದ್ದರೆ ಎಷ್ಟು ಅನುಕೂಲ ಅಂತ ಹಕ್ಕಿಗಳು ಜನರಿಗೆ ಹೇಳುತ್ತವೆ. ರುದ್ರನಾಟಕ ನೋಡುತ್ತಾ ಹೊಟ್ಟೆ ಹಸಿದು ಬೇಜಾರಾಯಿತೇ, ಹಾರಿ ಮನೆಗೆ ಹೋಗಿ, ಊಟ ಮಾಡಿ, ಹೊಟ್ಟೆ ತುಂಬಿಸಿಕೊಂಡು ಮತ್ತೆ ನಮ್ಮ ಹತ್ತಿರಕ್ಕೇ ಹಾರಿ ಬನ್ನಿ ಅನ್ನುತ್ತವೆ. ಬೆಳಗಿನಿಂದ ಬಿಸಿಲಲ್ಲಿ ಕೂತ ಜನಕ್ಕೆ ಈ ಮಾತು ಹೇಗೆ ನಾಟಿರಬೇಕು!

ಮುಂದೆ ಇನ್ನೊಮ್ಮೆ ಬಂದು ತೀರ್ಪುಗಾರರನ್ನೇ ಮಾತಾಡಿಸುತ್ತವೆ. ಹಬ್ಬದ ಸ್ಪರ್ಧೆಗೆ ಹತ್ತು ಜನ ತೀರ್ಪುಗಾರರು ಇರುತ್ತಿದ್ದರು. ಅಥೆನ್ಸಿನ ಬೆಳ್ಳಿ ನಾಣ್ಯದ ಮೇಲೆ ಗೂಬೆಯ ಮುದ್ರೆ. ಆ ಬೆಳ್ಳಿ ಬರುತ್ತಿದ್ದುದು ಲಾರಿಯಂ ಗಣಿಯಿಂದ. ನಮಗೆ ಬಹುಮಾನ ಕೊಟ್ಟರೆ ಲಾರಿಯಂ ಗೂಬೆಗಳು ನಿಮ್ಮ ಹಣದ ಚೀಲದಲ್ಲಿ ಗೂಡು ಕಟ್ಟಿ ಚಿಲ್ಲರೆ ಮರಿ ಮಾಡುತ್ತವೆ ಅಂತ ಹಕ್ಕಿಗಳು ಆಸೆ ತೋರಿಸುತ್ತವೆ. ಕೊಡದಿದ್ದರೆ? ವಿಗ್ರಹಗಳ ತಲೆ ಮೇಲೆ ಇಡುವ ಹಾಗೆ ನೀವೂ ತಲೆಗೆ ತಾಮ್ರದ ಮುಚ್ಚಳ ಮಾಡಿಸಿಕೊಳ್ಳಿ. ನೀವು ಬಿಳಿ ಬಟ್ಟೆ ಹಾಕಿಕೊಂಡ ದಿನವೇ ಎಲ್ಲ ಹಕ್ಕಿಗಳೂ ಸೇರಿ ಮೇಲಿನಿಂದ ತೀರಿಸಿಕೊಳ್ಳುತ್ತವೆ! ನಮ್ಮಲ್ಲಿ ನಾಟಕಕ್ಕೆ ಮುಖ್ಯ ಅತಿಥಿಗಳಾಗಿ ಬಂದು ಮುಂದಿನ ಸಾಲಿನಲ್ಲಿ ಕೂರುವವರ ಉಡುಪು ಯಾವ ಬಣ್ಣ ಅಂತ ನಾನು ಹೇಳಬೇಕೇ? ಇಡೀ ತುಮಕೂರು ಬಿದ್ದು ಬಿದ್ದು ನಗುವ ಜಾಗ ಇದು. ಅದನ್ನು ಕತ್ತರಿಸಿ, ಹಾಸ್ಯ ಹತ್ತಲಿಲ್ಲ ಅಂದರೆ ಹೇಗೆ?

ಜನ ಎದ್ದು ಹೋಗುತ್ತಾರೆ ಅನ್ನುವ ಭಯಕ್ಕೆ ಅಥೆನ್ಸೇ ಉತ್ತರ ಕೊಟ್ಟಿದೆ. ಕ್ರಿ.ಪೂ. 405ರಲ್ಲಿ ಇದೇ ಕವಿಯ ‘ಕಪ್ಪೆಗಳು’ ಮೊದಲ ಬಹುಮಾನ ಗೆದ್ದಿತು. ಆ ನಾಟಕವನ್ನು ಇನ್ನೊಮ್ಮೆ ಆಡಿಸಿದರು. ಅಂದಿನ ಕಾಲಕ್ಕೆ ಅದು ಅಪರೂಪದ ಮರ್ಯಾದೆ. ಯಾಕೆ ಸಿಕ್ಕಿತು ಅಂದರೆ, ಅದರ ಮೇಳ ಜನರಿಗೆ ಹೇಳಿದ ಬುದ್ಧಿಮಾತಿಗಾಗಿ. ಹಳೆಯ ಟಿಪ್ಪಣಿಗಳಲ್ಲಿ ಹಾಗೇ ಬರೆದಿದೆ.

ಖರ್ಚಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಕವಿ ಹೋಗಿ ಅಧಿಕಾರಿಯನ್ನು ಕೇಳುತ್ತಿದ್ದುದು ನನಗೊಂದು ಮೇಳ ಕೊಡಿ ಅಂತ. ಅಧಿಕಾರಿ ಒಪ್ಪಿದರೆ ಊರಿನ ಒಬ್ಬ ಸಿರಿವಂತನನ್ನು ಗೊತ್ತು ಮಾಡುತ್ತಿದ್ದ. ಮೇಳದವರ ತಾಲೀಮು, ವೇಷದ ಖರ್ಚು ಆ ಸಿರಿವಂತನ ಹೆಗಲಿಗೆ. ಯುದ್ಧದ ಹಡಗಿನ ಖರ್ಚು ಹೊರುವಂಥದೇ ಹೊಣೆ ಅದು. ನಮ್ಮ ಹಳ್ಳಿಗಳಲ್ಲಿ ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ. ದುರ್ಯೋಧನನಿಗೆ ಒಂದು ದರ, ದ್ವಾರಪಾಲಕನಿಗೆ ಒಂದು ದರ. ಅದರಲ್ಲೇ ಸೀನರಿ, ಮೇಕಪ್ಪು, ಮೇಷ್ಟ್ರ ಸಂಭಾವನೆ. ಅಪ್ಪ ತಿಂಗಳುಗಟ್ಟಲೆ ಕಲಿಸಿದ ಮೇಲೆ ಒಂದು ರಾತ್ರಿಯ ಆಟ. ಹೊಲದಿಂದ ಬಂದ ಮೈಯಲ್ಲೇ ಕಂದ ಹಾಡಿ ಕಲಿಯುತ್ತಿದ್ದ ಆ ಜನಕ್ಕೆ ಇಪ್ಪತ್ನಾಲ್ಕು ಮಂದಿ ಒಟ್ಟಿಗೆ ಹಾಡುವುದು ದೊಡ್ಡದಲ್ಲ.

ಈಗ ನಮ್ಮ ಜಿಲ್ಲೆಯ ವಿಷಯಕ್ಕೆ ಬರುತ್ತೇನೆ. ಗ್ರೀಕ್ ಹಾಸ್ಯಕ್ಕೆ ಬೇಕಾದ್ದೆಲ್ಲ ನಮ್ಮಲ್ಲೇ ಇದೆ. ಹೊರಗಿನಿಂದ ಯಾವ ಟ್ರ್ಯಾಕೂ ತರಿಸಬೇಕಿಲ್ಲ.

ನಮ್ಮ ಕಡೆಯ ಬಯಲಾಟ ಮೂಡಲಪಾಯ ನೋಡಿದ್ದೀರಾ? ಹೊಸ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ಹೋಗಿ ನಿಲ್ಲುತ್ತಾನೆ. ಯಾರು ನೀವು, ಯಾವೂರು, ಬಂದ ಕಾರಣವೇನು ಅಂತ ಕೇಳುತ್ತಾನೆ. ‘ಹಕ್ಕಿಗಳು’ ನಾಟಕದ ಎರಡನೇ ಅರ್ಧ ಹೆಚ್ಚುಕಡಿಮೆ ಇದೇ ಕಟ್ಟಿನಲ್ಲಿ ನಡೆಯುತ್ತದೆ. ಆಕಾಶದಲ್ಲಿ ಹೊಸ ಊರು ಎದ್ದಿದೆ ಅಂತ ಗೊತ್ತಾದದ್ದೇ ತಡ, ಒಬ್ಬೊಬ್ಬರೇ ಹಾಜರಾಗುತ್ತಾರೆ. ಹೊಗಳಿ ಬಟ್ಟೆ ಗಿಟ್ಟಿಸುವ ಕವಿ. ಭವಿಷ್ಯ ಓದುವವನು. ತಪಾಸಣೆ ಅಧಿಕಾರಿ. ಕಾಯಿದೆ ಮಾರುವವನು. ಇವರ ನಡುವೆ ಅಳತೆಗೋಲು ಹಿಡಿದು ಬರುವ ಮೆಟನ್. ಇವನು ಅಥೆನ್ಸಿನಲ್ಲಿ ನಿಜವಾಗಿ ಬದುಕಿದ್ದ ಖಗೋಳ ಪಂಡಿತ. ಸೂರ್ಯಚಂದ್ರರ 19 ವರ್ಷದ ಲೆಕ್ಕಕ್ಕೆ ಇವತ್ತಿಗೂ ಅವನ ಹೆಸರೇ ಇದೆ. ನಾಟಕದಲ್ಲಿ ಅವನು ಗಾಳಿಯನ್ನೇ ಅಳೆದು ಬೀದಿ ಬೀದಿಯಾಗಿ ಭಾಗ ಮಾಡಿಕೊಡುತ್ತೇನೆ ಅನ್ನುತ್ತಾನೆ. ಏಟು ತಿಂದು ಓಡುತ್ತಾನೆ. ಅವತ್ತಿನ ಪ್ರದರ್ಶನದಲ್ಲಿ ಜನ ಮನಸಾರೆ ನಕ್ಕಿದ್ದು ಈ ಒಂದು ದೃಶ್ಯಕ್ಕೆ. ತಂಡದವರು ಮೆಟನ್‌ನನ್ನು ಲೇಔಟ್ ಅಳೆಯುವ ಸರ್ವೆಯರ್ ಮಾಡಿದ್ದರು. ತುಮಕೂರಿನ ಸುತ್ತ ಸೈಟು ಕೊಳ್ಳಲು ಓಡಾಡಿದವರಿಗೆಲ್ಲ ಅವನು ಗುರುತಿನವನೇ. ಹಾಸ್ಯ ನಮ್ಮ ಜನಕ್ಕೆ ಹತ್ತುತ್ತದೆ ಅನ್ನಲು ಇದಕ್ಕಿಂತ ಸಾಕ್ಷಿ ಬೇಕೇ? ಮೇಳದವರನ್ನೂ ಹೀಗೇ ನಮ್ಮವರನ್ನಾಗಿ ಮಾಡಿಕೊಂಡಿದ್ದರೆ ಸಾಕಿತ್ತು.

ಸಂಗೀತದ ಮಾತು. ಗ್ರೀಕ್ ಮೇಳಕ್ಕೆ ಜೋಡಿ ಕೊಳವೆಯ ವಾದ್ಯವೊಂದು ಇತ್ತು. ಕೊಳಲಿನಂತೆ ಮೆದು ದನಿಯದಲ್ಲ. ನಾಲಿಗೆ ಕಟ್ಟಿದ, ಚುರುಕಾಗಿ ಕಿವಿಗೆ ಬಡಿಯುವ ವಾದ್ಯ. ನಮ್ಮ ಮುಖವೀಣೆಗೆ ಹತ್ತಿರದ್ದು. ಊದಿ ಊದಿ ಕೆನ್ನೆ ಸೋಲದಿರಲಿ ಅಂತ ವಾದಕ ಬಾಯಿಗೆ ಅಡ್ಡ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಿದ್ದ. ಈ ನಾಟಕದಲ್ಲಿ ಅವನನ್ನೂ ಬಿಟ್ಟಿಲ್ಲ. ಪೂಜೆಯ ಹೊತ್ತಿಗೆ ಊದುತ್ತಾ ಬಂದವನನ್ನು ಪೈಸೆಟೇರಸ್ ತಡೆಯುತ್ತಾನೆ. ಏನೇನೋ ವಿಚಿತ್ರ ಕಂಡಿದ್ದೇನೆ, ಬಾಯಿಗೆ ಪಟ್ಟಿ ಕಟ್ಟಿಕೊಂಡ ಕಾಗೆಯನ್ನು ಮಾತ್ರ ನೋಡಿರಲಿಲ್ಲ ಅನ್ನುತ್ತಾನೆ. ಅಂದರೆ ವಾದಕನಿಗೂ ಕಾಗೆಯ ವೇಷ! ವಾದ್ಯದವನು ರಂಗದ ಮೇಲೆ, ಎಲ್ಲರ ಕಣ್ಣೆದುರು, ನಾಟಕದೊಳಗೇ ಇದ್ದ. ಮೂಡಲಪಾಯದಲ್ಲಿ ಭಾಗವತರು, ಮುಖವೀಣೆಯವರು ಪಾತ್ರಗಳ ಹಿಂದೆಯೇ ನಿಂತು ಹಾಡಿ ನುಡಿಸುವುದಿಲ್ಲವೇ? ಈಗ ಮುಖವೀಣೆ ಊದುವವರು ಕಡಿಮೆಯಾಗಿದ್ದಾರೆ, ನಿಜ. ಇರುವವರಿಗೆ ಇಂಥ ಕೆಲಸ ಕೊಡಬೇಕು. ಕರೆದರೆ ಬರುತ್ತಾರೆ.

ಹಕ್ಕಿ ವೇಷದ ಮೇಳ ಅರಿಸ್ಟೊಫೇನಿಸ್ ಹುಟ್ಟುವ ಮೊದಲೇ ಅಥೆನ್ಸಿನಲ್ಲಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಹಳೆಯ ಹೂಜಿ ಇದೆ. ಅದರ ಚಿತ್ರದಲ್ಲಿ ಹಕ್ಕಿ ವೇಷದ ಇಬ್ಬರು ಕುಣಿಯುತ್ತಿದ್ದಾರೆ, ಜೊತೆಗೆ ಜೋಡಿ ಕೊಳವೆ ಊದುವವನಿದ್ದಾನೆ. ಅಥೆನ್ಸಿನ ನಾಟಕದಲ್ಲಿ ಎಲ್ಲ ಪಾತ್ರಧಾರಿಗಳೂ ಗಂಡಸರೇ, ಎಲ್ಲರಿಗೂ ಇಡೀ ತಲೆ ಮುಚ್ಚುವ ಮುಖವಾಡ. ಬಟ್ಟೆಯಿಂದ ಮಾಡಿದ ಆ ಮುಖವಾಡಗಳು ಒಂದೂ ಉಳಿದಿಲ್ಲ. ಹೂಜಿಗಳ ಚಿತ್ರ, ಮಣ್ಣಿನ ಬೊಂಬೆಗಳು ನೋಡಿಯೇ ತಿಳಿಯಬೇಕು. ಬಯಲಲ್ಲಿ, ಹಗಲು ಬೆಳಕಲ್ಲಿ, ಬೆಟ್ಟದ ಇಳಿಜಾರಿನಲ್ಲಿ ಸಾವಿರಾರು ಜನ ಕೂತಾಗ ಸಣ್ಣ ಮುಖಭಾವ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಮುಖವಾಡ, ಅದಕ್ಕೇ ಹೊಟ್ಟೆಗೆ ಮೆತ್ತೆ. ನಮ್ಮ ಕಡೆ ಊರಹಬ್ಬದಲ್ಲಿ ಸೋಮ ಕುಣಿಯುವುದನ್ನು ದೂರದಿಂದ ನೋಡಿದವರಿಗೆ ದೊಡ್ಡ ಮುಖವಾಡದ ಶಕ್ತಿ ಏನು ಅಂತ ಗೊತ್ತು. ಸೋಮನ ಮುಖ ಪೂಜೆಗೆ ಸೇರಿದ್ದು. ಅದನ್ನು ನಾಟಕಕ್ಕೆ ತರುವುದು ಬೇಡ. ಅಂಥದ್ದನ್ನು ಕೆತ್ತುವ, ಬಣ್ಣ ಕಟ್ಟುವ ಕೈಗಳಿಂದ ಇಪ್ಪತ್ನಾಲ್ಕು ಹಕ್ಕಿ ಮುಖಗಳನ್ನು ಮಾಡಿಸಬಹುದು. ರಟ್ಟಿನ ಕೊಕ್ಕಿಗೆ ರಬ್ಬರ್ ದಾರ ಕಟ್ಟುವ ಕಷ್ಟ ತಪ್ಪುತ್ತದೆ.

ಆ ಪತ್ರದಲ್ಲಿ ಅಶ್ಲೀಲದ ಮಾತೂ ಇತ್ತು. ಗ್ರೀಕ್ ಹಾಸ್ಯದ ಗಂಡು ಪಾತ್ರಗಳ ವೇಷದಲ್ಲಿ ಚರ್ಮದ ಲಿಂಗ ಜೋತಾಡುತ್ತಿತ್ತು, ಮಾತುಗಳೂ ಬಿಡುಬೀಸು. ಹಬ್ಬದ ದಿನ ಅವರ ದೇವರು ಒಪ್ಪಿದ ಸಡಿಲಿಕೆ ಅದು. ಕಾಮನ ಹಬ್ಬದಲ್ಲಿ ನಮ್ಮ ಹಳ್ಳಿಗಳಲ್ಲಿ ಬೊಬ್ಬೆ ಹೊಡೆಯುವುದನ್ನು ಕೇಳಿ ಬೆಳೆದ ನನಗೆ ಅದರಿಂದ ಗಾಬರಿಯಿಲ್ಲ. ಎಷ್ಟು ಇಡಬೇಕು, ಎಷ್ಟು ಬಿಡಬೇಕು ಅನ್ನುವುದನ್ನು ಆಡಿಸುವವರು ಊರು ನೋಡಿ ತೀರ್ಮಾನಿಸಲಿ. ಅದನ್ನು ಬಿಟ್ಟರೂ ನಾಟಕ ನಿಲ್ಲುತ್ತದೆ. ಮೇಳ ಬಿಟ್ಟರೆ ನಿಲ್ಲುವುದಿಲ್ಲ.

ಗ್ರೀಸಿನಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 1959ರಲ್ಲಿ ಕರೋಲೋಸ್ ಕೂನ್ ಎಂಬ ನಿರ್ದೇಶಕ ಇದೇ ‘ಹಕ್ಕಿಗಳು’ ನಾಟಕವನ್ನು ಅಥೆನ್ಸಿನ ಹಳೆಯ ಬಯಲು ರಂಗಮಂದಿರದಲ್ಲಿ ಆಡಿಸಿದರು. ಮ್ಯೂಸಿಯಂ ಸಾಮಾನಿನ ಹಾಗೆ ಮುಟ್ಟದೆ ಇಡಲಿಲ್ಲ. ತಮ್ಮ ನಾಡಿನ ಜನಪದದ ಹಾಡು ಕುಣಿತ ತಂದರು. ನಾಟಕದ ಪೂಜಾರಿ ಇವತ್ತಿನ ಚರ್ಚಿನ ಪಾದ್ರಿಯ ಧಾಟಿಯಲ್ಲಿ ಹಾಡಿದ. ಗಲಾಟೆಯಾಯಿತು. ಮೊದಲ ರಾತ್ರಿಯ ನಂತರ ಸರ್ಕಾರ ಉಳಿದ ಪ್ರದರ್ಶನಗಳನ್ನು ನಿಲ್ಲಿಸಿತು. 1962ರಲ್ಲಿ ಅದೇ ನಾಟಕ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ರಂಗೋತ್ಸವದಲ್ಲಿ ಮೊದಲ ಬಹುಮಾನ ಪಡೆಯಿತು. ತಮ್ಮ ಬೀದಿಯ ದನಿ, ತಮ್ಮ ದೇವಸ್ಥಾನದ ಧಾಟಿ ಬಂದಾಗಲೇ ಎರಡು ಸಾವಿರ ವರ್ಷ ದಾಟಿದ ನಾಟಕ ಅವರಿಗೂ ಚುರುಕು ಮುಟ್ಟಿಸಿದ್ದು.

ಇಷ್ಟಾದರೂ ಮೇಳ ಬೇಡವೇ ಬೇಡ ಅನ್ನುವ ತಂಡಗಳಿಗೆ ಬೇರೆ ದಾರಿ ಇದೆ. ಅರಿಸ್ಟೊಫೇನಿಸನ ನಂತರ ಬಂದ ಹಾಸ್ಯಕವಿ ಮೆನಾಂಡರನನ್ನು ಆಡಿ. ಕ್ರಿ.ಪೂ. 316ರಲ್ಲಿ ಬಹುಮಾನ ಗೆದ್ದ ಅವನ ‘ಸಿಡುಕ’ ನಾಟಕ ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ಸಿಕ್ಕಿ, 20ನೇ ಶತಮಾನದ ನಡುವಿನಲ್ಲಿ ಅಚ್ಚಾಯಿತು. ಸಿಡುಕಿನ ಮುದುಕ, ಅವನ ಮಗಳು, ಅವಳನ್ನು ಮೆಚ್ಚಿದ ಹುಡುಗ, ಬಾವಿಗೆ ಬೀಳುವ ಪ್ರಸಂಗ. ಐದು ಅಂಕ, ಮೇಳ ಅಂದರೆ ನಡುನಡುವೆ ಬಂದು ಕುಣಿದು ಹೋಗುವುದಷ್ಟೇ, ಅದಕ್ಕೆ ಬರೆದ ಮಾತೂ ಉಳಿದಿಲ್ಲ. ಮನೆಯೊಳಗಿನ ಹಾಸ್ಯ, ಸಭಾಂಗಣಕ್ಕೆ ಸಲೀಸು. ಅರಿಸ್ಟೊಫೇನಿಸ್ ಊರಿನ ಕವಿ. ಅವನಿಗೆ ಊರೇ ಬೇಕು.

ರುದ್ರನಾಟಕ ನಮಗೆ ಒಗ್ಗಿದ್ದು ಹೇಗೆ ಅಂತಲೂ ನೆನೆಯಬೇಕು. ತಾನಾಗಿ ಒಗ್ಗಲಿಲ್ಲ. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ಕವಿ ಸೊಫೊಕ್ಲೀಸ್ ಬರೆದ ಅಜಾಕ್ಸನ ಕಥೆಯನ್ನು ಅಶ್ವತ್ಥಾಮನ ಕಥೆಯಾಗಿ ಕಟ್ಟಿದರು. ‘ಪಾರಸಿಕರು’ ಎಂಬ ಇನ್ನೊಂದು ಗ್ರೀಕ್ ರುದ್ರನಾಟಕವನ್ನು ಕನ್ನಡಕ್ಕೆ ತಂದರು. ಆಮೇಲೆ ಲಂಕೇಶರು ಈಡಿಪಸ್‌ನನ್ನು ತಂದರು, 1972ರಲ್ಲಿ ಬಿ.ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಬಯಲಲ್ಲಿ ಆಡಿಸಿದರು. ಇಷ್ಟು ದೊಡ್ಡವರು ಇಷ್ಟು ದುಡಿದ ಮೇಲೆ ಅದು ನಮ್ಮದಾಯಿತು. ಹಾಸ್ಯಕ್ಕೂ ಅಷ್ಟೇ ಶ್ರದ್ಧೆ ಬೇಡವೇ? ಅದೂ ಗುಬ್ಬಿ ವೀರಣ್ಣನವರ ಜಿಲ್ಲೆಯಲ್ಲಿ! ರಾಜನ ಪಾರ್ಟು ಮಾಡುವವರು ಎಷ್ಟೋ ಜನ ಇದ್ದ ಕಾಲದಲ್ಲಿ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ನಾಡನ್ನೇ ನಗಿಸಿದರು. ಅವರ ಹೆಸರಿನ ರಂಗಮಂದಿರ ಇರುವ ಊರಿನಲ್ಲಿ ನಮ್ಮ ಜನಕ್ಕೆ ಹಾಸ್ಯ ಹತ್ತುವುದಿಲ್ಲ ಅಂತ ಬರೆದದ್ದು ನನಗೆ ನೋವಾಯಿತು.

ನನ್ನ ಕೋರಿಕೆ ಇಷ್ಟು. ಅದೇ ತಂಡ ಅದೇ ನಾಟಕವನ್ನು ಇನ್ನೊಮ್ಮೆ ಎತ್ತಿಕೊಳ್ಳಲಿ. ಬೇಸಿಗೆಯಲ್ಲಿ ನಮ್ಮ ಕಡೆ ಎಷ್ಟೋ ಕೆರೆಗಳು ಬತ್ತಿರುತ್ತವೆ. ಏರಿಯ ಇಳಿಜಾರಿನಲ್ಲಿ ಜನ ಕೂರಲಿ, ಕೆರೆ ಅಂಗಳದಲ್ಲಿ ಆಟ ನಡೆಯಲಿ. ಸಂಜೆ ನಾಲ್ಕೂವರೆಗೆ ಶುರು ಮಾಡಿದರೆ ಲೈಟಿಂಗ್ ಬೇಕಿಲ್ಲ, ಕತ್ತಲಾಗುವ ಮೊದಲು ಮುಗಿಯುತ್ತದೆ. ಅಥೆನ್ಸಿನಲ್ಲಿ ಪರದೆಯೂ ಇರಲಿಲ್ಲ, ದೀಪವೂ ಇರಲಿಲ್ಲ. ಮೇಳಕ್ಕೆ ಇಪ್ಪತ್ನಾಲ್ಕು ಜನ ಒಂದೇ ಕಾಲೇಜಿನಿಂದ ಬರಬೇಕೆಂದಿಲ್ಲ. ತಿಪಟೂರು, ತುರುವೇಕೆರೆ, ಗುಬ್ಬಿಯ ಹಳ್ಳಿ ತಂಡಗಳಿಂದ ಬರಲಿ. ಹುಡುಗಿಯರೂ ಇರಲಿ. ಹಕ್ಕಿಗಳಿಗೆ ನಮ್ಮ ಕೆರೆ ಹೊಲದ ಹಕ್ಕಿಗಳ ಹೆಸರೇ ಇಡಲಿ. ಜನರ ಕಡೆ ತಿರುಗಿ ಆಡುವ ಮಾತುಗಳನ್ನು ಆಯಾ ಊರಿಗೆ ತಕ್ಕಂತೆ ಬರೆಯಲಿ. ನೀರಿನ ಟ್ಯಾಂಕರ್, ಕೊಬ್ಬರಿ ರೇಟು, ಸೈಟಿನ ಖಾತೆ, ಏನು ಬೇಕಾದರೂ ಬರಲಿ. ಸಂಸ್ಕೃತಿ ಇಲಾಖೆಯವರು, ಜಿಲ್ಲೆಯ ಸಿರಿವಂತರು ಮೇಳದ ಖರ್ಚಿಗೆ ಕೈ ಜೋಡಿಸಲಿ. ಸೆಟ್ಟಿಗೆ ಕೊಡುವ ದುಡ್ಡನ್ನು ಮುಖವಾಡಕ್ಕೂ ಮುಖವೀಣೆಯವರಿಗೂ ಕೊಡಲಿ.

ಮಾರ್ಚಿನಲ್ಲಿ ಪರೀಕ್ಷೆಗಳು ಮುಗಿದ ಕೂಡಲೇ ತಾಲೀಮು ಶುರು ಮಾಡಿದರೆ ಮೇ ಹೊತ್ತಿಗೆ ಆಡಬಹುದು. ಮೇಳದ ಪದಗಳನ್ನು ಮಟ್ಟಿಗೆ ಕೂರಿಸಿ ಹುಡುಗರಿಗೆ ಹೇಳಿಕೊಡುವ ಕೆಲಸ ನಾನು ಮಾಡುತ್ತೇನೆ, ದುಡ್ಡು ಬೇಡ. ಪತ್ರ ಬರೆದ ಓದುಗರನ್ನೂ ಕರೆಯುತ್ತಿದ್ದೇನೆ. ದಯವಿಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತು ನೋಡಿ. ಆಮೇಲೆ ಏನು ಬರೆದರೂ ಓದುತ್ತೇನೆ.

ಇಂತಿ,
ನಿವೃತ್ತ ಇತಿಹಾಸ ಉಪನ್ಯಾಸಕಿ,
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ